ಎಣ್ಣೆ ಎಲ್ಲಿ ಹೋಯಿತು?

ನಮ್ಮ ಸಹೋದ್ಯೋಗಿಯೊಬ್ಬರಲ್ಲಿ ಒಂದು ಹಳೆಯ ಜಾವಾ ಮೋಟರ್ ಸೈಕಲು ಉಂಟು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ 1961ರ ತರುವಾಯ ಹೊರಬಂದ 250 ಸಿ.ಸಿ. ವಾಹನಗಳಲ್ಲಿ ಅದೂ ಒಂದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ ಅದರ ವಾಹನಗಳನ್ನು ಕಾಪಾಡಿಕೊಂಡು ಬಂದವರು ನಮ್ಮ ನಾಡಿನಲ್ಲಿ ಇಂದಿಗೂ ಇದ್ದಾರೆ. ಈ ವಾಹನ ತಂದೆಯವರಿಂದ ಬಂದುದು. ಹಲವು ವರ್ಷ ಮೂಲೆಯಲ್ಲಿ ನಿಂತಿದ್ದು ಈಚೆಗೆ ಮತ್ತೆ ರಸ್ತೆಗೆ ಇಳಿಯಿತು. ಕೆಲವೇ ವಾರಗಳಲ್ಲಿ ಅದರ ಒಡೆಯರು ನಮ್ಮ ಪ್ರಯೋಗಶಾಲೆಗೆ ಒಂದು ಒಗಟನ್ನು ತಂದರು. ಗೇರುಪೆಟ್ಟಿಗೆಗೆ ಹಾಕಿದ ಎಣ್ಣೆ ದಿನೇದಿನೇ ಕಡಿಮೆಯಾಗುತ್ತಿದೆ. ನೆಲದ ಮೇಲೆ ಒಂದು ತೊಟ್ಟೂ ಬಿದ್ದಿಲ್ಲ. ಹೊಗೆಕೊಳವೆಗಳಿಂದ ಮಾತ್ರ ದಟ್ಟವಾದ ಬಿಳಿಯ ಹೊಗೆ ಬರುತ್ತಿದೆ. ಎಣ್ಣೆ ಹೋದುದೆಲ್ಲಿಗೆ?

ಇದು ದ್ವಿಘಾತ ಎಂಜಿನು ಎಂಬುದನ್ನು ವಾಚಕರು ಮೊದಲು ನೆನಪಿಡಬೇಕು. ಇಂಥ ಎಂಜಿನಿನಲ್ಲಿ ಕ್ರ್ಯಾಂಕು ತಿರುಗುವ ಕೋಣೆಯು ಬರಿಯ ಪೆಟ್ಟಿಗೆಯಲ್ಲ, ಅದೊಂದು ಪಂಪು. ಪಿಸ್ಟನ್ನು ಮೇಲೇರಿದಾಗ ಕೋಣೆಯ ಗಾತ್ರ ಹಿಗ್ಗಿ, ಒಳಗಿನ ಒತ್ತಡ ಇಳಿದು, ಕಾರ್ಬುರೇಟರಿನಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳನುಗ್ಗುತ್ತದೆ. ಪಿಸ್ಟನ್ನು ಕೆಳಗಿಳಿದಾಗ ಆ ಮಿಶ್ರಣವೇ ಅದುಮಲ್ಪಟ್ಟು, ಪಕ್ಕದ ದಾರಿಗಳ ಮೂಲಕ ಸಿಲಿಂಡರಿಗೆ ಏರುತ್ತದೆ.

ಒತ್ತಡ ಎಷ್ಟು ಇಳಿಯಬಹುದು? ಈ ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಆದುದರಿಂದ ಪಿಸ್ಟನ್ನು ಒಮ್ಮೆ ಏರಿದರೆ ಕೋಣೆಗೆ ಸುಮಾರು 249 ಘನ ಸೆಂಟಿಮೀಟರು ಸೇರುತ್ತದೆ. ಪಿಸ್ಟನ್ನು ಕೆಳಗಿದ್ದಾಗ ಕೋಣೆಯ ಗಾತ್ರ 600 ಘನ ಸೆಂಟಿಮೀಟರು ಎಂದು ಊಹಿಸೋಣ, ಮೇಲಿದ್ದಾಗ 849. ಬಾಯಿಲನ ನಿಯಮದಂತೆ 76 ಸೆಂಟಿಮೀಟರು ಪಾದರಸದ ಒತ್ತಡ 54ಕ್ಕೆ ಇಳಿಯಬೇಕು. ವಾಸ್ತವವಾಗಿ ಪಿಸ್ಟನ್ನು ತುದಿ ಮುಟ್ಟುವ ಮೊದಲೇ ದ್ವಾರ ತೆರೆದುಕೊಳ್ಳುವುದರಿಂದ ಅಷ್ಟು ಇಳಿಯಲು ಅವಕಾಶವಿಲ್ಲ. ಆದರೂ ಈ ಹೀರಿಕೆ ಸಣ್ಣದಲ್ಲ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಬಾರಿ ಹೀರಿಕೆ, 50 ಬಾರಿ ಅದುಮಿಕೆ.

ಈಗ ತೊಡಕು ತಿಳಿಯುತ್ತದೆ. ಕೋಣೆಯ ಎರಡು ಪಕ್ಕಗಳಲ್ಲೂ ಕ್ರ್ಯಾಂಕಿನ ದಂಡ ಹೊರಚಾಚಬೇಕು: ಎಡಕ್ಕೆ ಕ್ಲಚ್ಚು ಮತ್ತು ಸರಪಣಿ, ಬಲಕ್ಕೆ ಡೈನಮೊ. ತಿರುಗುವ ದಂಡಕ್ಕೆ ದಾರಿ ಬಿಟ್ಟು, ಗಾಳಿಗೂ ಎಣ್ಣೆಗೂ ದಾರಿ ಬಿಡದಂತೆ ಕಾಯುವ ದ್ವಾರಪಾಲಕನೇ ಆಯಿಲ್ ಸೀಲು. ಉಕ್ಕಿನ ಬಳೆಗೆ ಅಂಟಿದ ರಬ್ಬರಿನ ತೆಳುವಾದ ತುಟಿ. ತುಟಿಯ ಬೆನ್ನಿಗೆ ಅದನ್ನು ದಂಡಕ್ಕೆ ಒತ್ತಿ ಹಿಡಿಯುವ ಸಣ್ಣ ಸುರುಳಿ ಸ್ಪ್ರಿಂಗು. ತುಟಿ ದಂಡವನ್ನು ನೇರವಾಗಿ ಮುಟ್ಟುವುದಿಲ್ಲ ಎಂದರೆ ವಿದ್ಯಾರ್ಥಿಗಳಿಗೆ ಅಚ್ಚರಿಯಾದೀತು. ಎರಡರ ನಡುವೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ದಪ್ಪದ ಎಣ್ಣೆಯ ಪೊರೆ ನಿಲ್ಲುತ್ತದೆ. ಆ ಪೊರೆ ಇಲ್ಲವಾದರೆ ರಬ್ಬರು ಸುಡುತ್ತದೆ, ದಪ್ಪವಾದರೆ ಎಣ್ಣೆ ಸೋರುತ್ತದೆ. ದಂಡದ ವ್ಯಾಸ 25 ಮಿಲಿಮೀಟರು ಎಂದಿಟ್ಟುಕೊಂಡರೆ, 3000 ಸುತ್ತಿನಲ್ಲಿ ಅದರ ಮೈ ತುಟಿಯ ಕೆಳಗೆ ಸೆಕೆಂಡಿಗೆ ಸುಮಾರು 4 ಮೀಟರಿನಂತೆ ಜಾರುತ್ತಿರುತ್ತದೆ.

ವರ್ಷಗಟ್ಟಲೆ ನಿಂತ ವಾಹನದಲ್ಲಿ ರಬ್ಬರು ಗಾಳಿಯ ಆಮ್ಲಜನಕದಿಂದಲೂ ಶಾಖದಿಂದಲೂ ಗಡುಸಾಗಿ ತುಟಿ ತನ್ನ ಸ್ಥಿತಿಸ್ಥಾಪಕತ್ವವನ್ನು ಕಳೆದುಕೊಳ್ಳುತ್ತದೆ. ಎಡಬದಿಯ ತುಟಿ ಸೋತರೆ ಕೋಣೆಯ ಹೀರಿಕೆ ಕ್ಲಚ್ಚಿನ ಕಡೆಯ ಎಣ್ಣೆಯನ್ನೇ ಒಳಗೆಳೆದು ಪೆಟ್ರೋಲಿನೊಡನೆ ಉರಿಸುತ್ತದೆ. ಒಗಟಿನ ಉತ್ತರ ಅದೇ. ಬಲಬದಿಯ ತುಟಿ ಸೋತರೆ ಹೊಗೆಯಿಲ್ಲ, ಕಲೆಯಿಲ್ಲ. ಆದರೆ ಅದೇ ಹೆಚ್ಚು ಅಪಾಯಕರ. ಅಲ್ಲಿಂದ ಒಳನುಗ್ಗುವುದು ಬರಿಯ ಗಾಳಿ. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗುತ್ತದೆ, ಅದರೊಡನೆ ಬೆರೆತು ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ವೇಗದ ಹಿಡಿಯನ್ನು ಬಿಟ್ಟರೂ ಎಂಜಿನು ಕೂಗುತ್ತಲೇ ಇರುತ್ತದೆ. ಸ್ಪಾರ್ಕ್ ಪ್ಲಗ್ಗಿನ ಮೂತಿ ಬೆಳ್ಳಗಾಗುತ್ತದೆ. ಕಾದ ಪಿಸ್ಟನ್ನು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡರೆ ಓಡುವ ವಾಹನದ ಹಿಂಗಾಲಿ ಒಮ್ಮೆಲೇ ನಿಲ್ಲುತ್ತದೆ. ಇಂಥ ಎಂಜಿನಿಗೆ ಕಾರ್ಬುರೇಟರನ್ನು ಮಾತ್ರ ಮತ್ತೆ ಮತ್ತೆ ತೊಳೆಯುವುದು ಹಲವರ ಅಭ್ಯಾಸ. ನಾವೂ ಅದನ್ನು ಎರಡು ಬಾರಿ ತೊಳೆದೆವೆಂದು ಒಪ್ಪಿಕೊಳ್ಳಬೇಕು.

ಊಹೆ ಸಾಲದು, ಪರೀಕ್ಷೆ ಬೇಕು. ತಣ್ಣಗಿದ್ದ ಎಂಜಿನಿನಿಂದ ಕ್ಲಚ್ಚಿನ ಮುಚ್ಚಳವನ್ನೂ ಡೈನಮೊವನ್ನೂ ಕಳಚಿದೆವು. ಕಾರ್ಬುರೇಟರಿನ ದ್ವಾರವನ್ನೂ ಹೊಗೆಯ ಎರಡು ದ್ವಾರಗಳನ್ನೂ ರಬ್ಬರಿನ ಬಿರಡೆಗಳಿಂದ ಮುಚ್ಚಿ, ಪಿಸ್ಟನ್ನನ್ನು ಕೆಳಗಿಳಿಸಿ, ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ತುಂಬಿದೆವು. ಒತ್ತಡ ವಾಯುಭಾರದ ಹತ್ತರಲ್ಲಿ ಮೂರು ಪಾಲಿಗಿಂತ ಹೆಚ್ಚು ಬೇಡ. ಮಿತಿಮೀರಿದರೆ ಗಟ್ಟಿಯಿದ್ದ ತುಟಿಯೂ ಮಗುಚೀತು. ಅಳೆಯಲು ಪಾರದರ್ಶಕ ಕೊಳವೆಯನ್ನು ಕಾಲೇಜಿನ ಮಹಡಿಯ ಮೆಟ್ಟಿಲಿನಿಂದ ಇಳಿಬಿಟ್ಟು, ಬಣ್ಣದ ನೀರಿನ ಮಾಪಕವನ್ನು ಮಾಡಿದ್ದೆವು. ಎರಡು ತೋಳುಗಳ ಮಟ್ಟಗಳಿಗೆ 3 ಮೀಟರು ಅಂತರವಾಗುವವರೆಗೆ ಪಂಪು ಹೊಡೆದು ನಿಲ್ಲಿಸಿದೆವು. ಒಂದು ನಿಮಿಷದೊಳಗೆ ಮಟ್ಟಗಳು ಸಮನಾದುವು! ಸಾಬೂನಿನ ನೀರು ಹಚ್ಚಿ ನೋಡಿದರೆ ಎಡಗಡೆಯ ದಂಡದ ಸುತ್ತ ಗುಳ್ಳೆಗಳ ಹಾರ. ಬಲಗಡೆ ಗುಳ್ಳೆಯಿರಲಿಲ್ಲ, ಆದರೂ ಅದೇ ವಯಸ್ಸಿನದಾದುದರಿಂದ ಎರಡನ್ನೂ ಬದಲಾಯಿಸಲು ನಿಶ್ಚಯಿಸಿದೆವು.

ಸೀಲಿನ ಮೇಲೆ ಸಾಮಾನ್ಯವಾಗಿ ಮೂರು ಸಂಖ್ಯೆಗಳಿರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಹಳೆಯದು ಯಾವ ಮುಖವಾಗಿ ಕುಳಿತಿತ್ತೆಂದು ಗುರುತು ಮಾಡಿಕೊಂಡೇ ಅದನ್ನು ತೆಗೆಯಬೇಕು. ಅಂಗಡಿಯಲ್ಲಿ ಫ್ಲೋರಿನ್ ಸೇರಿದ ರಬ್ಬರಿನದು ಸಿಕ್ಕಿದರೆ ಬೆಲೆ ಹೆಚ್ಚಾದರೂ ಅದನ್ನೇ ಕೊಳ್ಳುವುದು ಲೇಸು. ಅದು ಶಾಖವನ್ನೂ ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲನ್ನೂ ಹೆಚ್ಚು ತಾಳುತ್ತದೆ.

ತಪ್ಪು ನಡೆದುದು ಇಲ್ಲಿ, ಅದೂ ನಮ್ಮ ಕೈಯಿಂದಲೇ. ದಂಡದ ಮೇಲೆ ತುಕ್ಕಿನ ಚುಕ್ಕೆಗಳಿದ್ದುವು. ಮರಳುಕಾಗದವನ್ನು ದಂಡದ ಉದ್ದಕ್ಕೆ ಹಿಂದೆ ಮುಂದೆ ಎಳೆದು ಹೊಳಪು ಬರಿಸಿದೆವು. ಹೊಸ ಸೀಲನ್ನು ಕೂರಿಸಿ ಹದಿನೈದು ದಿನವಾಗುವಷ್ಟರಲ್ಲಿ ಬಿಳಿಯ ಹೊಗೆ ಮರಳಿ ಬಂದಿತು. ಭೌತವಿಜ್ಞಾನ ಬೋಧಿಸುವವರಿಗೆ ಇದು ಮೊದಲೇ ಹೊಳೆಯಬೇಕಿತ್ತು. ಉದ್ದುದ್ದವಾಗಿ ಬಿದ್ದ ಒಂದೊಂದು ಗೀರೂ ತುಟಿಯ ಅಡಿಯಲ್ಲಿ ಹಾಯುವ ಒಂದು ಕೊಳವೆ. ಸಣ್ಣ ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾದುದು ಎಂಬ ಪ್ವಾಸೆಯ ನಿಯಮವನ್ನು ಪ್ರತಿ ವರ್ಷವೂ ಪಾಠ ಹೇಳುತ್ತೇವೆ: ಗೀರು ಇಮ್ಮಡಿ ಅಗಲ, ಇಮ್ಮಡಿ ಆಳವಾದರೆ ಸೋರಿಕೆ ಹದಿನಾರು ಪಟ್ಟು. ಗೀರು ಓರೆಯಾಗಿ ಸುತ್ತಿಕೊಂಡಿದ್ದರೆ ಇನ್ನೂ ಕಷ್ಟ. ಆಗ ತಿರುಗುವ ದಂಡವು ತಿರುಪಿನಂತೆ ಎಣ್ಣೆಯನ್ನು ತಾನೇ ಒಂದು ಕಡೆಗೆ ತಳ್ಳುತ್ತದೆ.

ಎರಡನೆಯ ಬಾರಿ ಅತಿ ನಯವಾದ ಮರಳುಕಾಗದದ ಪಟ್ಟಿಗೆ ಎಣ್ಣೆ ಸವರಿ, ದಂಡಕ್ಕೆ ಸುತ್ತುಹಾಕಿ, ಸುತ್ತಿನ ದಿಕ್ಕಿನಲ್ಲಿಯೇ ಉಜ್ಜಿದೆವು. ಪುಡಿ ಒಳಹೋಗದಂತೆ ಬಟ್ಟೆ ತುರುಕಿದ್ದೆವು. ಹಳೆಯ ತುಟಿ ಸವೆಸಿದ ಉಂಗುರದಂಥ ಪಳ್ಳ ಉಗುರಿಗೆ ತಗಲುತ್ತಿದ್ದಿತು. ಹೊಸ ತುಟಿ ಅದೇ ಪಳ್ಳದಲ್ಲಿ ಕೂರದಂತೆ ಸೀಲನ್ನು ಒಂದು ಮಿಲಿಮೀಟರಿನಷ್ಟು ಆಚೆ ಈಚೆ ಕೂರಿಸಲು ಅಲ್ಲಿ ಎಡೆಯಿದ್ದಿತು. ದಂಡವನ್ನು ಅಲುಗಿಸಿ ಬೇರಿಂಗನ್ನೂ ನೋಡಿದೆವು, ಏಕೆಂದರೆ ಸವೆದ ಬೇರಿಂಗಿನಲ್ಲಿ ತೊನೆಯುವ ದಂಡವನ್ನು ಎಂಥ ತುಟಿಯೂ ಬಹುಕಾಲ ಹಿಂಬಾಲಿಸಲಾರದು. ಅದೃಷ್ಟವಶಾತ್ ಅಲುಗಾಟವಿರಲಿಲ್ಲ. ಚೂಪಾದ ಅಂಚು ತುಟಿಯನ್ನು ಕೊಯ್ಯದಂತೆ ದಂಡದ ತುದಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ತುಟಿಗೆ ಎಣ್ಣೆ ಹಚ್ಚಿ, ಸೀಲನ್ನು ಓರೆಯಾಗದಂತೆ ಒತ್ತಿದೆವು.

ಮತ್ತೆ ಮೆಟ್ಟಿಲಿನಿಂದ ಕೊಳವೆ ಇಳಿಯಿತು. ಈ ಬಾರಿ ಬಣ್ಣದ ನೀರು ಐದು ನಿಮಿಷವಾದರೂ ಗುರುತಿನಿಂದ ಬೆರಳಗಲ ಮಾತ್ರ ಇಳಿದಿತ್ತು. ಎರಡು ತಿಂಗಳ ಓಡಾಟದ ಬಳಿಕ ಗೇರುಪೆಟ್ಟಿಗೆಯನ್ನು ತೆರೆದು ನೋಡಿದಾಗ ಎಣ್ಣೆ ನಾವು ತುಂಬಿದ್ದ ಮಟ್ಟದಲ್ಲೇ ಇದ್ದಿತು.