ಟಚ್‌ಪ್ಯಾಡ್ ಒರೆಸುವ ಮುನ್ನ

ಮುಂಬಯಿಯಲ್ಲಿ ಲ್ಯಾಪ್‌ಟಾಪ್ ಮುಟ್ಟುವ ಕೈ ಪೂರ್ತಿ ಒಣಗಿರುವುದು ಅಪರೂಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಿಕ್ಕ ತಿಂಗಳು ಬೆವರು. ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತೇ ಬಂದು, ಸ್ಟೇಶನ್ ಹೊರಗೆ ವಡಾಪಾವ್ ತಿಂದು, ಅದನ್ನು ಕಟ್ಟಿಕೊಟ್ಟ ಕಾಗದಕ್ಕೇ ಬೆರಳು ಒರೆಸಿ ಕೆಲಸಕ್ಕೆ ಕೂತರೆ ಎಣ್ಣೆಯೂ ಬೆಳ್ಳುಳ್ಳಿ ಚಟ್ನಿಪುಡಿಯೂ ನೇರ ಟಚ್‌ಪ್ಯಾಡಿಗೆ ಹತ್ತುತ್ತವೆ. ಆಮೇಲೆ ಪರದೆಯ ಮೇಲಿನ ಬಾಣ ಹೇಳಿದ ಮಾತು ಕೇಳುವುದಿಲ್ಲ. ಹೊಸದಾಗಿ ಕಂಪ್ಯೂಟರ್ ಕಲಿಯುವವರು ‘ಕೆಟ್ಟೇಹೋಯಿತು’ ಎಂದು ಗಾಬರಿಯಾಗುವುದು ಇಲ್ಲೇ. ಹತ್ತರಲ್ಲಿ ಒಂಬತ್ತು ಸಲ ಏನೂ ಕೆಟ್ಟಿರುವುದಿಲ್ಲ ಎಂದೇ ನನ್ನ ಅಂದಾಜು.

ಟಚ್‌ಪ್ಯಾಡ್ ಗುರುತಿಸುವುದು ನಿಮ್ಮ ಬೆರಳಿನ ಒತ್ತಡವನ್ನಲ್ಲ. ಮೇಲಿನ ಗಾಜು ಅಥವಾ ಪ್ಲಾಸ್ಟಿಕ್ ಪದರದ ಅಡಿಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಸಣ್ಣ ವಿದ್ಯುತ್ ಗೆರೆಗಳಿರುತ್ತವೆ. ನಮ್ಮ ದೇಹ ವಿದ್ಯುತ್ ಹರಿಯಬಲ್ಲ ವಸ್ತುವಾದ್ದರಿಂದ ಬೆರಳು ಹತ್ತಿರ ಬಂದೊಡನೆ ಆ ಜಾಗದ ಗೆರೆಗಳ ವಿದ್ಯುತ್ ಸ್ಥಿತಿ ಅಷ್ಟಿಷ್ಟು ಬದಲಾಗುತ್ತದೆ. ಎಲ್ಲಿ ಬದಲಾಯಿತು ಎಂಬುದನ್ನು ಒಳಗಿನ ಚಿಪ್ ಲೆಕ್ಕ ಹಾಕುತ್ತದೆ. ಪ್ಲಾಸ್ಟಿಕ್ ಪೆನ್ನಿನ ಮುಚ್ಚಳದಿಂದ ಉಜ್ಜಿ ನೋಡಿ, ಬಾಣ ಕದಲುವುದಿಲ್ಲ. ಒಂದು ಹನಿ ನೀರು ಬಿದ್ದರೆ ಮಾತ್ರ ಚಿಪ್ ಅದನ್ನೂ ಬೆರಳೆಂದು ತಿಳಿದು ಎಡವಟ್ಟು ಮಾಡಿಕೊಳ್ಳುತ್ತದೆ. (ಆಪಲ್ ಕಂಪನಿ 1994ರಲ್ಲಿ ಪವರ್‌ಬುಕ್ 500 ಸರಣಿಯಲ್ಲಿ ಟ್ರ್ಯಾಕ್‌ಬಾಲ್ ಎಂಬ ಉರುಳುಗುಂಡನ್ನು ಬಿಟ್ಟು ಟಚ್‌ಪ್ಯಾಡನ್ನು ತಂದಿತು. ಗುಂಡಿದ್ದಾಗ ಅದನ್ನು ಬಿಚ್ಚಿ ತೊಳೆಯುವ ಇನ್ನೊಂದು ಕಾಟವಿತ್ತು.)

ಹಾಗಾಗಿ ಬಟ್ಟೆ ಹುಡುಕುವ ಮೊದಲು ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಬನ್ನಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಆಮೇಲೂ ಬಾಣ ನಡುಗುತ್ತಿದ್ದರೆ ಚಾರ್ಜರ್ ಕಿತ್ತು ನೋಡಿ. ಕಿತ್ತ ಕೂಡಲೇ ಸರಿಹೋದರೆ ದೋಷ ಕೊಳೆಯದ್ದಲ್ಲ, ಚಾರ್ಜರಿನದು ಅಥವಾ ಅರ್ಥಿಂಗಿನದು. ಹಳೆಯ ಚಾಳುಗಳಲ್ಲಿ, ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸುವ ಮನೆಗಳಲ್ಲಿ ಇದನ್ನು ಬೇಕಾದಷ್ಟು ಕಾಣಬಹುದು. ಅದಕ್ಕೆ ಎಲೆಕ್ಟ್ರಿಶಿಯನ್ ಬೇಕು. ಎಷ್ಟು ಒರೆಸಿದರೂ ಫಲವಿಲ್ಲ. ಬಾಣ ಅಲುಗಾಡುವುದೇ ಇಲ್ಲವೆಂದರೆ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಟಚ್‌ಪ್ಯಾಡಿನ ಚಿತ್ರವಿರುವ ಕೀಲಿ ಇದೆಯೇ ನೋಡಿ, ಕೈತಪ್ಪಿ ಅದನ್ನು ಒತ್ತಿರಬಹುದು.

ಇನ್ನು ಒರೆಸುವ ಕೆಲಸ. ಲ್ಯಾಪ್‌ಟಾಪ್ ಮಡಚಿಟ್ಟರೆ ಅದು ನಿದ್ದೆ ಮಾಡುತ್ತದೆ ಅಷ್ಟೇ, ಆಫ್ ಆಗುವುದಿಲ್ಲ. ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಕನ್ನಡಕದ ಜೊತೆ ಕೊಡುವ ಮೈಕ್ರೋಫೈಬರ್ ಬಟ್ಟೆ ಇದ್ದರೆ ಅದೇ ಸಾಕು. ಮೊದಲು ಒಣಬಟ್ಟೆಯಿಂದ ಧೂಳು ತೆಗೆಯಿರಿ. ಧೂಳಿರುವಾಗಲೇ ಒದ್ದೆ ಮಾಡಿ ಉಜ್ಜಿದರೆ ಗೀರು ಬೀಳುತ್ತದೆ. ಜಿಡ್ಡು ಉಳಿದರೆ ಬಟ್ಟೆಯ ಒಂದು ಮೂಲೆಗೆ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಮೂರು ಹನಿ ಹಾಕಿ. ಲ್ಯಾಮಿಂಗ್ಟನ್ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ‘ಐಪಿಎ’ ಎಂದು ಕೇಳಿದರೆ ಕೊಡುತ್ತಾರೆ. ಬೇಗ ಬೆಂಕಿ ಹತ್ತುವ ದ್ರವ ಅದು, ಗ್ಯಾಸ್ ಒಲೆಯ ಬಳಿ ತೆರೆಯಬೇಡಿ. ಬಟ್ಟೆಯನ್ನು ಹಿಂಡಿದರೆ ಹನಿ ಬೀಳಬಾರದು, ಮುಟ್ಟಿದರೆ ತಂಪು ಹತ್ತಬೇಕು, ಆ ಹದ. ಮೇಲಿನಿಂದ ಕೆಳಗೆ ಹಗುರವಾಗಿ ಎಳೆಯಿರಿ. ಹನಿಯನ್ನು ನೇರವಾಗಿ ಪ್ಯಾಡಿನ ಮೇಲೆ ಹಾಕುವುದಾಗಲಿ, ಸ್ಪ್ರೇ ಹೊಡೆಯುವುದಾಗಲಿ ಬೇಡವೇ ಬೇಡ. ಪ್ಯಾಡಿನ ಸುತ್ತಲಿನ ಕೂದಲೆಳೆಯಷ್ಟು ಸಂದಿನಿಂದ ದ್ರವ ಇಳಿದರೆ ಕೆಳಗೆ ಸರ್ಕ್ಯೂಟೂ ಬ್ಯಾಟರಿಯೂ ಕಾದಿರುತ್ತವೆ. ಸಂದಿಗೆ ಒಣಗಿದ ಮೃದು ಟೂತ್‌ಬ್ರಷ್ ಸಾಕು. ಪಿನ್ನು, ಸೂಜಿ ದೂರವಿರಲಿ.

ಕನ್ನಡಿ ಒರೆಸುವ ನೀಲಿ ದ್ರವ, ಉಗುರುಬಣ್ಣ ತೆಗೆಯುವ ಅಸಿಟೋನ್, ಥಿನ್ನರ್, ಬ್ಲೀಚ್ ಇವು ಮೇಲ್ಪದರವನ್ನು ತಿನ್ನುತ್ತವೆ. ಕೋವಿಡ್ ಕಾಲದಿಂದ ಮನೆಯಲ್ಲಿ ಉಳಿದ ಸ್ಯಾನಿಟೈಸರ್ ಕೂಡ ಬೇಡ. ಅದರಲ್ಲಿರುವ ಗ್ಲಿಸರಿನ್ ಇನ್ನೊಂದು ಅಂಟು ಪದರ ಬಿಟ್ಟುಹೋಗುತ್ತದೆ.

ಒರೆಸಿದ ಮೇಲೆ ಫ್ಯಾನಿನ ಕೆಳಗೆ ತೆರೆದಿಟ್ಟು ಪೂರ್ತಿ ಒಣಗಲು ಬಿಡಿ. ಮಳೆಗಾಲದಲ್ಲಿ ಇನ್ನಷ್ಟು ಹೊತ್ತು ಕಾಯಿರಿ, ಗಾಳಿಯಲ್ಲೇ ತೇವವಿರುತ್ತದೆ.

ಪ್ಯಾಡ್ ಒಂದು ಬದಿಗೆ ಎದ್ದಿದ್ದರೆ, ನಡುವೆ ಉಬ್ಬಿದ್ದರೆ, ಒತ್ತಿದಾಗ ಮೊದಲಿನ ಟಕ್ ಸದ್ದು ಬಾರದಿದ್ದರೆ ಬಟ್ಟೆ ಕೆಳಗಿಡಿ. ಅನೇಕ ಮಾದರಿಗಳಲ್ಲಿ ಬ್ಯಾಟರಿ ಇರುವುದು ಸರಿಯಾಗಿ ಪ್ಯಾಡಿನ ಅಡಿಯಲ್ಲೇ. ಹಳತಾದ ಲಿಥಿಯಂ ಬ್ಯಾಟರಿ ಒಳಗೆ ಅನಿಲ ತುಂಬಿ ಊದಿಕೊಂಡಾಗ ಪ್ಯಾಡನ್ನು ಮೇಲಕ್ಕೆ ತಳ್ಳುತ್ತದೆ. ಅದನ್ನು ಅದುಮಿ ಕೂರಿಸಲು ಹೋಗಬೇಡಿ, ಚಾರ್ಜಿಗೆ ಹಾಕಬೇಡಿ, ಬೆಂಕಿ ಹತ್ತುವ ಅಪಾಯವಿದೆ. ಆಫ್ ಮಾಡಿ ಸರ್ವಿಸ್ ಸೆಂಟರಿಗೆ ಒಯ್ಯಿರಿ. ತೆಗೆದ ಬ್ಯಾಟರಿಯನ್ನು ಸೊಸೈಟಿಯ ಕಸದ ಡಬ್ಬಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು.