ಸಂಘ ಬೇರೆ, ಲೈಸೆನ್ಸ್ ಬೇರೆ, ಎರಡೂ ಬೇಕು

ಮಗಳೇ, ಫೋನಿನಲ್ಲಿ ನೀನು ಎರಡು ಪ್ರಶ್ನೆ ಕೇಳಿದೆ. "ಚಿಕ್ಕಪ್ಪ, ಡಿಗ್ರಿ ಕೈಯಲ್ಲಿದೆ, ಐಸಿಯುನಲ್ಲಿ ಕೆಲಸವೂ ಸಿಕ್ಕಿದೆ, ಇನ್ನು ರಿಜಿಸ್ಟ್ರೇಷನ್ ಅಂತ ಯಾಕೆ ಓಡಾಡಬೇಕು?" ಎನ್ನುವುದು ಒಂದು. "ಸಂಘಕ್ಕೆ ದುಡ್ಡು ಕಟ್ಟಿದರೆ ನನಗೇನು ಸಿಗುತ್ತೆ?" ಎನ್ನುವುದು ಇನ್ನೊಂದು. ಎರಡನೆಯದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಮೊದಲನೆಯದರ ಉತ್ತರವೂ ಅದರೊಳಗೇ ಇದೆ.

ರೆಸ್ಪಿರೇಟರಿ ಥೆರಪಿ ಎಂಬ ನಮ್ಮ ಕಸುಬು ಶುರುವಾದದ್ದು ಸಿಲಿಂಡರ್ ಹೊರುವವರಿಂದ. 1940ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಆಕ್ಸಿಜನ್ ಆರ್ಡರ್ಲಿಗಳೆಂದು ಕರೆಸಿಕೊಳ್ಳುವವರಿದ್ದರು. ಸಿಲಿಂಡರನ್ನು ವಾರ್ಡಿಗೆ ತರುವುದು, ರೋಗಿಯ ಸುತ್ತ ಆಕ್ಸಿಜನ್ ಟೆಂಟ್ ಕಟ್ಟುವುದು, ಮಾಸ್ಕ್ ಹಾಕುವುದು ಅವರ ಕೆಲಸ. ಅದಕ್ಕೆಂದು ಒಂದು ಓದು ಇರಲಿಲ್ಲ, ಹುದ್ದೆಗೆ ಮರ್ಯಾದೆಯ ಹೆಸರೂ ಇರಲಿಲ್ಲ. ಶಿಕಾಗೋದಲ್ಲಿ ಅಂಥವರು ಕೆಲವರು ವೈದ್ಯರನ್ನು ಜೊತೆಗಿಟ್ಟುಕೊಂಡು 1946ರಲ್ಲಿ ಸಭೆ ಸೇರಿದರು, 1947ರಲ್ಲಿ ಸಂಘವನ್ನು ನೋಂದಾಯಿಸಿದರು. ಇವತ್ತಿನ ಅಮೆರಿಕನ್ ಅಸೋಸಿಯೇಷನ್ ಫಾರ್ ರೆಸ್ಪಿರೇಟರಿ ಕೇರ್‌ನ ಮೂಲ ಅದೇ. ಪರೀಕ್ಷೆ ನಡೆಸಲು ಬೇರೆಯೇ ಒಂದು ಮಂಡಳಿ ಹುಟ್ಟಿದ್ದು 1960ರಲ್ಲಿ. ಲೈಸೆನ್ಸ್‌ಗಾಗಿ ಕ್ಯಾಲಿಫೋರ್ನಿಯಾ ರಾಜ್ಯ ಕಾಯ್ದೆ ಮಾಡಿದ್ದು 1982ರಲ್ಲಿ. ಸಂಘ ಕಟ್ಟಿದ ದಿನಕ್ಕೂ ಆ ಕಾಯ್ದೆಗೂ ನಡುವೆ ಮೂವತ್ತೈದು ವರ್ಷ! ಈಗ ಅಲಾಸ್ಕಾ ಒಂದನ್ನು ಬಿಟ್ಟರೆ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಲೈಸೆನ್ಸ್ ಇಲ್ಲದೆ ನಮ್ಮ ಕೆಲಸ ಮಾಡುವ ಹಾಗಿಲ್ಲ. ಇಷ್ಟೆಲ್ಲ ಆದದ್ದು ಯಾವುದೋ ಸರ್ಕಾರ ಬೆಳಿಗ್ಗೆ ಎದ್ದು ಯೋಚಿಸಿ ಮಾಡಿದ್ದರಿಂದಲ್ಲ, ಸಂಘದವರು ಬೆನ್ನು ಬಿಡದೆ ಕೇಳಿದ್ದರಿಂದ.

ನಮ್ಮಲ್ಲಿ ಏನಾಯಿತು? ಕಾಲೇಜು ಬಂತು, ಕೋರ್ಸು ಬಂತು, ಮಣಿಪಾಲದಿಂದಲೂ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಕಾಲೇಜುಗಳಿಂದಲೂ ಮಕ್ಕಳು ಡಿಗ್ರಿ ಹಿಡಿದು ಹೊರಬಂದರು. ಅವರನ್ನು ಗುರುತಿಸುವ ಕಾನೂನು ಮಾತ್ರ ಬರಲಿಲ್ಲ. ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್, ನರ್ಸಿಗೆ ನರ್ಸಿಂಗ್ ಕೌನ್ಸಿಲ್, ನಮಗೆ ಯಾರೂ ಇರಲಿಲ್ಲ. ರಾತ್ರಿಯೆಲ್ಲ ವೆಂಟಿಲೇಟರ್ ಪಕ್ಕ ನಿಂತವನನ್ನು ಆಸ್ಪತ್ರೆಯ ಸಂಬಳದ ಪಟ್ಟಿಯಲ್ಲಿ ಟೆಕ್ನಿಷಿಯನ್ ಅಂತ ಬರೆದರೆ, ಅಲ್ಲ ಸ್ವಾಮಿ ಎಂದು ಹೇಳಲು ಒಂದು ಕಾಗದ ಇರಲಿಲ್ಲ. ಕೊನೆಗೆ 2021ರಲ್ಲಿ, ಕೋವಿಡ್ ನಡುವೆಯೇ, ನ್ಯಾಷನಲ್ ಕಮಿಷನ್ ಫಾರ್ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಬಂತು. ಅದರ ವೃತ್ತಿಗಳ ಪಟ್ಟಿಯಲ್ಲಿ ರೆಸ್ಪಿರೇಟರಿ ಟೆಕ್ನಾಲಜಿಸ್ಟ್ ಎಂಬ ಹೆಸರಿನಲ್ಲಿ ನಾವೂ ಸೇರಿದೆವು. ಕೇಂದ್ರದಲ್ಲಿ ಆಯೋಗ, ಪ್ರತಿ ರಾಜ್ಯದಲ್ಲಿ ಒಂದು ಕೌನ್ಸಿಲ್, ಆ ಕೌನ್ಸಿಲ್ಲಿನ ರಿಜಿಸ್ಟರಿನಲ್ಲಿ ನಮ್ಮ ಹೆಸರು. ಕಾಯ್ದೆಯ ವ್ಯವಸ್ಥೆ ಇದು.

ಕಾಯ್ದೆ ಬಂದ ಮೇಲೂ ಬಹಳಷ್ಟು ರಾಜ್ಯಗಳು ಸುಮ್ಮನೆ ಕೂತಿದ್ದವು. ಆಗ ಕೋರ್ಟಿಗೆ ಹೋದದ್ದು ಯಾರು ಗೊತ್ತಾ? ವೈದ್ಯಕೀಯ ತಂತ್ರಜ್ಞರ ಒಂದು ವೇದಿಕೆ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಎರಡು ತಿಂಗಳಲ್ಲಿ ಕಾಯ್ದೆಯನ್ನು ಜಾರಿಗೆ ತನ್ನಿ ಎಂದು ಕೇಂದ್ರಕ್ಕೂ ರಾಜ್ಯಗಳಿಗೂ ಗಡುವು ಹಾಕಿತು. ಆ ಅರ್ಜಿಯ ಹಿಂದೆ ಚಂದಾ ಕಟ್ಟಿದವರಿದ್ದರು, ವಕೀಲರ ಆಫೀಸಿಗೆ ಅಲೆದವರಿದ್ದರು. ನಾಳೆ ನೀನು ಕೌನ್ಸಿಲ್ಲಿನಿಂದ ನಂಬರ್ ಪಡೆದರೆ ಅದರಲ್ಲಿ ಅವರ ಪಾಲೂ ಇರುತ್ತದೆ. ನನಗೇನು ಸಿಗುತ್ತೆ ಎಂದು ಕೇಳಿದೆಯಲ್ಲ, ಬೇರೆಯವರು ಕಟ್ಟಿದ ದುಡ್ಡಿನಿಂದ ನಿನಗೆ ಸಿಕ್ಕದ್ದು ಇದು.

ಇಲ್ಲೊಂದು ವಿಷಯ ಸರಿಯಾಗಿ ತಿಳಿದುಕೋ. ಸಂಘದ ಸದಸ್ಯತ್ವದ ಸರ್ಟಿಫಿಕೇಟು ಲೈಸೆನ್ಸ್ ಅಲ್ಲ. ಅದನ್ನು ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿ, ನಾನು ರಿಜಿಸ್ಟರ್ಡ್ ಅಂತ ಹೇಳಿಕೊಂಡು ಓಡಾಡುವವರನ್ನು ನಾನು ನೋಡಿದ್ದೇನೆ. ಸಂಘ ಇರುವುದು ನಿನಗಾಗಿ. ಕೌನ್ಸಿಲ್ ಇರುವುದು ರೋಗಿಗಾಗಿ. ನಿನ್ನ ಸಂಬಳ, ಹುದ್ದೆ, ಓದು, ಗೌರವದ ಬಗ್ಗೆ ಮಾತಾಡುವುದು ಸಂಘದ ಕೆಲಸ. ನೀನು ತಪ್ಪು ಮಾಡಿದರೆ ವಿಚಾರಿಸಿ, ಬೇಕಾದರೆ ರಿಜಿಸ್ಟರಿನಿಂದ ಹೆಸರು ಹೊಡೆದುಹಾಕುವುದು ಕೌನ್ಸಿಲ್ಲಿನ ಕೆಲಸ. ಕೆನಡಾದ ಒಂಟಾರಿಯೋದಲ್ಲಿ ಇದನ್ನು ಚೊಕ್ಕವಾಗಿ ಬೇರ್ಪಡಿಸಿದ್ದಾರೆ. ಕಾಲೇಜ್ ಆಫ್ ರೆಸ್ಪಿರೇಟರಿ ಥೆರಪಿಸ್ಟ್ಸ್ ಆಫ್ ಒಂಟಾರಿಯೋ ಎಂಬುದೊಂದಿದೆ. ಹೆಸರು ಕೇಳಿ ಅಲ್ಲಿ ಪಾಠ ಮಾಡುತ್ತಾರೆ ಅಂದುಕೊಳ್ಳಬೇಡ, ಅದು 1991ರ ಕಾಯ್ದೆಯ ಅಡಿ ಬಂದ ನಿಯಂತ್ರಣ ಸಂಸ್ಥೆ. ಥೆರಪಿಸ್ಟರ ಪರ ಮಾತಾಡುವ ಸಂಘ ಅಲ್ಲಿ ಬೇರೆಯೇ ಇದೆ. ಇಬ್ಬರೂ ಒಬ್ಬರೇ ಆಗಿಬಿಟ್ಟರೆ ಜನರಿಗೆ ನಮ್ಮ ಮೇಲೆ ನಂಬಿಕೆ ಉಳಿಯುವುದಿಲ್ಲ.

ರೆಸ್ಪಿರೇಟರಿ ಥೆರಪಿಸ್ಟ್ ಎನ್ನುವುದನ್ನು ಚಿಕ್ಕದು ಮಾಡಿ ಆರ್‌ಟಿ ಅಂದರೆ ಊರಲ್ಲಿ ಎಷ್ಟೋ ಜನ ಇವತ್ತಿಗೂ ಆರ್‌ಟಿಒ ಆಫೀಸಿನವನಾ ಅಂತ ಕೇಳುತ್ತಾರೆ. ಕೇಳಲಿ ಬಿಡು, ಅದರಲ್ಲೂ ಅರ್ಥವಿದೆ. ಗಾಡಿ ಓಡಿಸಲು ಕಲಿಸುವವನೇ ಲೈಸೆನ್ಸ್ ಕೊಡುವುದಿಲ್ಲ. ನಿನ್ನ ಕಾಲೇಜು ಓಡಿಸುವುದನ್ನು ಕಲಿಸಿತು, ರಸ್ತೆಗಿಳಿಯಬಹುದು ಎಂದು ಹೇಳಬೇಕಾದವರು ಇನ್ನೊಬ್ಬರು.

ಈಗ ಹೊರದೇಶದ ಮಾತು. ನಿನ್ನ ಬ್ಯಾಚಿನ ಅರ್ಧ ಜನರ ಕಣ್ಣು ಅತ್ತಲೇ ಇದೆ ಎಂಬುದು ನನಗೆ ಗೊತ್ತು, ಅದರಲ್ಲಿ ತಪ್ಪೇನೂ ಇಲ್ಲ, ನಾನೂ ಹೋದವನೇ. ಮಂಗಳೂರು, ಉಡುಪಿ ಕಡೆಯವರಿಗೆ ಗಲ್ಫ್ ಹೊಸದಲ್ಲ. ಸೌದಿಗೆ ಹೋಗುವುದಾದರೆ ಸೌದಿ ಕಮಿಷನ್ ಫಾರ್ ಹೆಲ್ತ್ ಸ್ಪೆಷಾಲಿಟೀಸ್, ದುಬೈಗೆ ದುಬೈ ಹೆಲ್ತ್ ಅಥಾರಿಟಿ, ಅಬುಧಾಬಿಗೆ ಅಲ್ಲಿನ ಆರೋಗ್ಯ ಇಲಾಖೆ. ಒಂದೇ ಯುಎಇ ಒಳಗೂ ಲೈಸೆನ್ಸ್ ಕೊಡುವವರು ಬೇರೆ ಬೇರೆ. ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆಗೆ ಹುಡುಗರು ಹೆದರುತ್ತಾರೆ. ಅದಕ್ಕೆ ಹೆದರಬೇಕಾಗಿಲ್ಲ, ಎಬಿಜಿ ಎಂಬ ರಕ್ತದ ಅನಿಲ ಪರೀಕ್ಷೆ ಓದಲು ಬಂದರೆ, ವೆಂಟಿಲೇಟರ್ ಮೋಡ್‌ಗಳು ಅರ್ಥವಾಗಿದ್ದರೆ ಅದು ಕಷ್ಟವಲ್ಲ. ಹೆದರಬೇಕಾದದ್ದು ದಾಖಲೆ ಪರಿಶೀಲನೆಗೆ. ಡೇಟಾಫ್ಲೋ ಎಂಬ ಕಂಪನಿಯವರು ನಿನ್ನ ಡಿಗ್ರಿ ನಿಜವೇ ಎಂದು ವಿಶ್ವವಿದ್ಯಾಲಯವನ್ನೇ ಕೇಳುತ್ತಾರೆ, ಕೆಲಸ ಮಾಡಿದ್ದು ನಿಜವೇ ಎಂದು ಆಸ್ಪತ್ರೆಯ ಎಚ್‌ಆರ್ ಅನ್ನೇ ಕೇಳುತ್ತಾರೆ. ಜೊತೆಗೆ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಎನ್ನುವುದೊಂದು, ಅಂದರೆ ಈಕೆಯ ಮೇಲೆ ದೂರಿಲ್ಲ ಎಂದು ಲೈಸೆನ್ಸ್ ಕೊಟ್ಟವರು ಬರೆದುಕೊಡುವ ಪತ್ರ. ನರ್ಸಿಂಗ್ ಓದಿದ ಗೆಳತಿ ತನ್ನ ಕೌನ್ಸಿಲ್ಲಿನಿಂದ ಅದನ್ನು ತರುತ್ತಾಳೆ. ಕೌನ್ಸಿಲ್ಲೇ ಇಲ್ಲದ ಕಾಲದಲ್ಲಿ ನಾವು ಯಾರ ಬಾಗಿಲು ತಟ್ಟಬೇಕಿತ್ತು? ರಿಜಿಸ್ಟ್ರೇಷನ್ ಯಾಕೆ ಎಂದೆಯಲ್ಲ, ಬರೀ ಇದೊಂದಕ್ಕಾದರೂ ಬೇಕು.

ಅಮೆರಿಕದ ವಿಷಯದಲ್ಲಿ ಏಜೆಂಟರ ಮಾತು ಕೇಳಿ ಕೆಡಬೇಡ. ಅಲ್ಲಿ ನ್ಯಾಷನಲ್ ಬೋರ್ಡ್ ಫಾರ್ ರೆಸ್ಪಿರೇಟರಿ ಕೇರ್‌ನ ಪರೀಕ್ಷೆ ಪಾಸಾಗಬೇಕು, ಆ ಪರೀಕ್ಷೆಗೆ ಕೂರಬೇಕಾದರೆ ಅಲ್ಲಿನ ಮಾನ್ಯತಾ ಸಂಸ್ಥೆ ಒಪ್ಪಿದ ಕೋರ್ಸಿನಲ್ಲೇ ಓದಿರಬೇಕು. ನಮ್ಮ ಬಿ.ಎಸ್ಸಿ. ಹಿಡಿದು ನೇರವಾಗಿ ಕೂರಲು ಆಗುವುದಿಲ್ಲ. ಅಲ್ಲಿನ ಕಾಲೇಜು ಸೇರಿ, ಇಲ್ಲಿ ಓದಿದ್ದರಲ್ಲಿ ಎಷ್ಟನ್ನು ಒಪ್ಪುತ್ತಾರೋ ಅಷ್ಟನ್ನು ಕಳೆದು ಉಳಿದದ್ದನ್ನು ಓದಬೇಕು. ಪರೀಕ್ಷೆ ಪಾಸಾದರೂ ಆಯಾ ರಾಜ್ಯದ ಲೈಸೆನ್ಸ್ ಬೇರೆ. ಕ್ಯಾಲಿಫೋರ್ನಿಯಾ 2015ರಿಂದ ಹೊಸಬರಿಗೆ ಆರ್‌ಆರ್‌ಟಿ ಎಂಬ ಮೇಲಿನ ಮಟ್ಟವನ್ನೇ ಕೇಳುತ್ತದೆ, ಕೆಳಗಿನ ಸಿಆರ್‌ಟಿ ಸಾಲದು. ಇಂಗ್ಲೆಂಡಿನ ಕತೆ ಇನ್ನೂ ಬೇರೆ. ಅಲ್ಲಿ ರೆಸ್ಪಿರೇಟರಿ ಥೆರಪಿಸ್ಟ್ ಎಂಬ ಪ್ರತ್ಯೇಕ ವೃತ್ತಿಯೇ ಇಲ್ಲ, ನಮ್ಮ ಕೆಲಸವನ್ನು ಫಿಸಿಯೋಥೆರಪಿಸ್ಟರು, ಫಿಸಿಯಾಲಜಿಸ್ಟರು, ನರ್ಸ್‌ಗಳು ಹಂಚಿಕೊಂಡಿದ್ದಾರೆ. ಇದನ್ನು ತಿಳಿಯದೆ ಲಂಡನ್ ಕನಸಿಗೆ ದುಡ್ಡು ಸುರಿಯುವವರಿದ್ದಾರೆ.

ಕಾಗದಪತ್ರದ ಬಗ್ಗೆ ಚಿಕ್ಕಪ್ಪ ಬಹಳ ಕೊರೆಯುತ್ತಾನೆ ಅಂತ ನಿನ್ನಪ್ಪ ನಗಬಹುದು. ನಗಲಿ. ನಮ್ಮ ಕನ್ನಡದ ಮಕ್ಕಳಿಗೆ ಇನಿಷಿಯಲ್ಲೇ ಶನಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದು ಅಕ್ಷರ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರಿನಲ್ಲಿ ಇನ್ನೇನೋ. ಇವೆಲ್ಲ ಒಬ್ಬಳೇ ಹುಡುಗಿ ಎಂದು ದೂರದ ಆಫೀಸಿನಲ್ಲಿ ಕೂತವನು ಹೇಗೆ ನಂಬಬೇಕು? ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಇದನ್ನು ಸರಿಮಾಡಿಸಿಕೋ. ಅನುಭವ ಪತ್ರ ತೆಗೆದುಕೊಳ್ಳುವಾಗ ಸೇರಿದ ದಿನ, ಬಿಟ್ಟ ದಿನ, ಪೂರ್ಣಾವಧಿಯೋ ಅಲ್ಲವೋ, ಹುದ್ದೆಯ ಹೆಸರು ರೆಸ್ಪಿರೇಟರಿ ಥೆರಪಿಸ್ಟ್ ಎಂದೇ ಇದೆಯೋ ನೋಡಿಕೊಂಡು ಸಹಿ ಹಾಕಿಸು. ವೆಂಟಿಲೇಟರ್ ಟೆಕ್ನಿಷಿಯನ್ ಎಂದು ಬರೆದುಕೊಟ್ಟರೆ ಅಲ್ಲೇ ನಿಂತು ತಿದ್ದಿಸು, ಆಮೇಲೆ ಎಚ್‌ಆರ್ ಬದಲಾಗಿರುತ್ತಾರೆ, ಕೆಲವೊಮ್ಮೆ ನರ್ಸಿಂಗ್ ಹೋಮೇ ಮುಚ್ಚಿರುತ್ತದೆ. ಆರು ತಿಂಗಳ ಅನುಭವವನ್ನು ಎರಡು ವರ್ಷ ಮಾಡಿಕೊಡುತ್ತೇನೆ ಎನ್ನುವವನ ನಂಬರನ್ನು ಫೋನಿನಿಂದಲೇ ಅಳಿಸು. ಸುಳ್ಳು ಕಾಗದ ಸಿಕ್ಕಿಬಿದ್ದರೆ ಅದು ನಿನ್ನ ಹೆಸರಿಗೆ ಅಂಟುತ್ತದೆ, ಏಜೆಂಟನ ಹೆಸರಿಗಲ್ಲ.

ಲೈಸೆನ್ಸ್ ಸಿಕ್ಕ ಮೇಲೆ ಅದನ್ನು ಉಳಿಸಿಕೊಳ್ಳಲು ಓದುತ್ತಲೇ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ನವೀಕರಿಸುವಾಗ 30 ಗಂಟೆಯ ಕಲಿಕೆಯ ಲೆಕ್ಕ ತೋರಿಸಬೇಕು. ಇದು ಕಾಟವೆಂದು ಗೊಣಗುವವರಿಗೆ ನಾನು ಹೇಳುವುದು ಒಂದೇ. 1990ರ ದಶಕದಲ್ಲಿ ಎಆರ್‌ಡಿಎಸ್ ಎಂಬ ತೀವ್ರ ಶ್ವಾಸಕೋಶದ ತೊಂದರೆಯ ರೋಗಿಗೆ ಒಂದೊಂದು ಉಸಿರಿಗೂ ತೂಕದ ಪ್ರತಿ ಕೆ.ಜಿ.ಗೆ 12 ಮಿ.ಲೀ. ತನಕ ಗಾಳಿ ತಳ್ಳುವುದು ಮಾಮೂಲಿಯಾಗಿತ್ತು. 2000ದಲ್ಲಿ ಅಮೆರಿಕದ ಎಆರ್‌ಡಿಎಸ್ ನೆಟ್‌ವರ್ಕ್‌ನವರು ಅದನ್ನೇ 6 ಮಿ.ಲೀ.ಗೆ ಇಳಿಸಿ ನೋಡಿದಾಗ ಸಾವು ಶೇ. 39.8ರಿಂದ ಶೇ. 31ಕ್ಕೆ ಇಳಿಯಿತು. ಮೆಷಿನ್ ಅದೇ, ಹೊಸ ಔಷಧಿಯಿಲ್ಲ, ಕೈ ತಿರುಗಿಸುವ ಗುಂಡಿಯ ಲೆಕ್ಕ ಮಾತ್ರ ಬದಲಾಯಿತು. ಅದೂ ತೂಕದ ಯಂತ್ರ ತೋರಿಸಿದ ತೂಕವಲ್ಲ, ರೋಗಿಯ ಎತ್ತರದಿಂದ ಲೆಕ್ಕ ಹಾಕಿದ ತೂಕ. ಈ ಸುದ್ದಿ ತಲುಪದ ಥೆರಪಿಸ್ಟ್ ಅಂದಿನಂತೆಯೇ ಡಿಗ್ರಿ ಹಿಡಿದುಕೊಂಡು, ಅಂದಿನಂತೆಯೇ ಶ್ರದ್ಧೆಯಿಂದ ರೋಗಿಯ ಶ್ವಾಸಕೋಶ ಹಾಳುಮಾಡುತ್ತಿರುತ್ತಾನೆ.

ನಮ್ಮ ಮಾತಿಗೆ ತೂಕ ಬರುವುದೂ ಹೀಗೆಯೇ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 300 ರೋಗಿಗಳಿದ್ದರು. ಒಂದು ಗುಂಪಿನಲ್ಲಿ ದಿನಾ ಬೆಳಿಗ್ಗೆ ಥೆರಪಿಸ್ಟರು, ನರ್ಸ್‌ಗಳು ಗೊತ್ತಾದ ಕ್ರಮದಲ್ಲಿ ಪರೀಕ್ಷಿಸಿ, ಯಾರು ತಾವಾಗಿ ಉಸಿರಾಡಬಲ್ಲರೆಂದು ನೋಡಿ ವೈದ್ಯರಿಗೆ ಹೇಳುತ್ತಿದ್ದರು. ಆ ಗುಂಪು ವೆಂಟಿಲೇಟರಿನಲ್ಲಿದ್ದದ್ದು ಸುಮಾರು ನಾಲ್ಕೂವರೆ ದಿನ, ಇನ್ನೊಂದು ಗುಂಪು ಆರು ದಿನ. ವೀನಿಂಗ್, ಅಂದರೆ ರೋಗಿಯನ್ನು ವೆಂಟಿಲೇಟರಿನಿಂದ ಬಿಡಿಸುವ ವಿಷಯದಲ್ಲಿ ಥೆರಪಿಸ್ಟ್ ಹೇಳಿದ್ದನ್ನು ಡಾಕ್ಟರು ಕಿವಿಗೊಟ್ಟು ಕೇಳುತ್ತಾರೆ ಎಂದರೆ ಅದರ ಹಿಂದೆ ಇಂಥ ಪುರಾವೆ ಇದೆ.

ಇನ್ನು ಸಂಘದೊಳಗಿನ ಮಾತು. ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ಕಾನ್ಫರೆನ್ಸಿಗೆ ಹೋಗಿ ಬ್ಯಾಗು ತೆಗೆದುಕೊಂಡು, ಊಟ ಮುಗಿಸಿ, ಬ್ಯಾನರ್ ಎದುರು ಫೋಟೋ ಹೊಡೆಸಿಕೊಂಡು ಬರುವವರು ಬಹಳ. ವೆಂಟಿಲೇಟರ್ ಕಂಪನಿಯವರು ದುಡ್ಡು ಕೊಟ್ಟ ಹಾಲಿನಲ್ಲಿ ಅದೇ ಕಂಪನಿಯ ಮೋಡ್ ಬಗ್ಗೆ ಉಪನ್ಯಾಸ ನಡೆದರೆ ಕಿವಿ ತೆರೆದಿಟ್ಟು ಕೇಳು, ನಂಬಲು ಅವಸರ ಮಾಡಬೇಡ. ಗುಂಪುಗಾರಿಕೆಯೂ ಇದೆ, ಎಲ್ಲಿಲ್ಲ ಹೇಳು? ಆದರೆ ಇಂಡಿಯನ್ ಅಸೋಸಿಯೇಷನ್ ಆಫ್ ರೆಸ್ಪಿರೇಟರಿ ಕೇರ್ ಇಲ್ಲದಿದ್ದರೆ ನಮ್ಮದೇ ಕಸುಬಿನ ಇಂಡಿಯನ್ ಜರ್ನಲ್ ಆಫ್ ರೆಸ್ಪಿರೇಟರಿ ಕೇರ್ ಕೂಡ ಇರುತ್ತಿರಲಿಲ್ಲ. ಅದಕ್ಕೊಂದು ಕೇಸ್ ರಿಪೋರ್ಟ್ ಬರಿ. ನಿನ್ನ ವಾರ್ಡಿನಲ್ಲಿ ವಾರಕ್ಕೊಂದಾದರೂ ಬರೆಯುವಂಥ ಕೇಸು ಇರುತ್ತದೆ, ನೋಡುವ ಕಣ್ಣು ಬೇಕು. ಆಯೋಗ ನಿಯಮದ ಕರಡು ಹೊರಡಿಸಿ ಅಭಿಪ್ರಾಯ ಕೇಳಿದರೆ ಪೂರ್ತಿ ಓದಿ ಉತ್ತರ ಬರಿ. ಥೆರಪಿಸ್ಟ್ ಏನೇನು ಮಾಡಬಹುದು, ಯಾರ ಆದೇಶದ ಮೇಲೆ ಮಾಡಬಹುದು ಎಂಬುದು ಅಲ್ಲೇ ತೀರ್ಮಾನವಾಗುವುದು. ರಾತ್ರಿ ಡ್ಯೂಟಿ ಮಾಡುವವರು ಬರೆಯದಿದ್ದರೆ, ಐಸಿಯು ಒಳಗೆ ಕಾಲಿಡದವರು ಬರೆದದ್ದೇ ನಿಯಮವಾಗುತ್ತದೆ.

ಎಲ್ಲವನ್ನೂ ಒಂದೇ ದಿನ ಮಾಡಬೇಕೆಂದಿಲ್ಲ. ಮೊದಲು ರಾಜ್ಯ ಕೌನ್ಸಿಲ್ಲಿನಲ್ಲಿ ನಿನ್ನ ವಿಭಾಗದ ನೋಂದಣಿ ಹೇಗೆ ನಡೆಯುತ್ತಿದೆ ಎಂದು ಅಲ್ಲೇ ವಿಚಾರಿಸು. ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ನಂಬಿ ಯಾರ ಖಾತೆಗೂ ದುಡ್ಡು ಹಾಕಬೇಡ. ಆಮೇಲೆ ಸಂಘದ ಸದಸ್ಯತ್ವ. ಬರುವ ಭಾನುವಾರ ಮನೆಗೆ ಬರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟು, ಪಾಸ್‌ಪೋರ್ಟು ಮೂರನ್ನೂ ತಾ. ಹೆಸರು ಒಂದೇ ಥರ ಇದೆಯೋ ಇಲ್ಲವೋ ಕೂತು ನೋಡೋಣ.