ಗುಲಾಬಿಯ ಪೇಟೆಂಟು ಕಲಿಸುವ ಪಾಠ

ಬೀಜದ ಚೀಲದ ಮೇಲೆ ಅಂದವಾದ ಚಿತ್ರ, ದೊಡ್ಡ ಹೆಸರು, ‘ನೋಂದಾಯಿತ’ ಎಂಬ ಮಾತು ಕಂಡೊಡನೆ ಮಾಲು ಒಳ್ಳೆಯದೇ ಇರಬೇಕೆಂದು ನಾವು ನಂಬುವುದುಂಟು. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ? ರೈತ ಬಾಂಧವರು ಇದನ್ನು ವಿಚಾರಮಾಡಿ ನೋಡುವುದು ಅಗತ್ಯ.

ಮೊದಲು ಎರಡು ಮಾತುಗಳ ಅರ್ಥವನ್ನು ತಿಳಿಯೋಣ. ಹೊಸದೊಂದನ್ನು ಕಂಡುಹಿಡಿದವನಿಗೆ ಸರಕಾರವು ಗೊತ್ತಾದ ಕಾಲದವರೆಗೆ ಕೊಡುವ ವಿಶೇಷ ಹಕ್ಕೇ ಪೇಟೆಂಟು. ಆ ಅವಧಿಯಲ್ಲಿ ಅವನ ಅಪ್ಪಣೆಯಿಲ್ಲದೆ ಬೇರೆಯವರು ಅದನ್ನು ಮಾಡಿ ಮಾರುವಂತಿಲ್ಲ. ನಮ್ಮ ದೇಶದಲ್ಲಿ ಈ ಅವಧಿ 20 ವರ್ಷ. ಟ್ರೇಡ್‌ಮಾರ್ಕ್ ಎಂದರೆ ಮಾಲು ಯಾರ ಕಡೆಯಿಂದ ಬಂದದ್ದೆಂದು ತೋರಿಸುವ ಹೆಸರು ಅಥವಾ ಗುರುತು. ಇದನ್ನು 10 ವರ್ಷಕ್ಕೊಮ್ಮೆ ನವೀಕರಿಸುತ್ತ ಎಷ್ಟು ಕಾಲವಾದರೂ ಇಟ್ಟುಕೊಳ್ಳಬಹುದು. ದನದ ಮೈಮೇಲಿನ ಬರೆಯ ಗುರುತು ಅದು ಯಾರ ಮನೆಯದೆಂದು ಹೇಳೀತು. ಎಷ್ಟು ಹಾಲು ಕರೆಯುತ್ತದೆಂದು ಹೇಳದು. ಟ್ರೇಡ್‌ಮಾರ್ಕೂ ಹಾಗೆಯೇ.

ಹಕ್ಕು ಕೊಟ್ಟರೆ ಜನ ಹೊಸ ಹೊಸ ತಳಿಗಳನ್ನು ಹುಟ್ಟಿಸುತ್ತಾರೆಂಬುದು ಪೇಟೆಂಟ್ ಕಾಯಿದೆಯ ಹಿಂದಿನ ಆಶೆ. ಅದು ಕೈಗೂಡಿತೇ ಎಂಬುದನ್ನು ಲೆಕ್ಕಹಾಕಿಯೇ ನೋಡಬೇಕು. ಅದಕ್ಕೆ ಅಮೆರಿಕೆಯ ಗುಲಾಬಿ ಒಳ್ಳೆಯ ಉದಾಹರಣೆ.

ಗುಲಾಬಿಯನ್ನು ಕಸಿಮಾಡಿ ಹೆಚ್ಚಿಸುತ್ತಾರೆ. ತಳಿಗಾರನು ಒಂದು ಗಿಡ ಮಾರಿದರೆ ಸಾಕು, ಕೊಂಡವನು ಅದರ ಕಣ್ಣುಗಳನ್ನು ತೆಗೆದು ನೂರಾರು ಗಿಡ ಮಾಡಬಲ್ಲನು. ಇದನ್ನು ತಡೆಯಲು ಅಮೆರಿಕೆಯಲ್ಲಿ 1930ರ ಮೇ ತಿಂಗಳಲ್ಲಿ ಸಸ್ಯ ಪೇಟೆಂಟ್ ಕಾಯಿದೆ ಬಂತು. ಬೀಜವಿಲ್ಲದೆ ಕಸಿ, ಕಡ್ಡಿಗಳಿಂದ ಹೆಚ್ಚಿಸುವ ಗಿಡಗಳಿಗೆ ಅದು ಅನ್ವಯಿಸಿತು; ಆಲೂಗಡ್ಡೆಯಂಥ ಗಡ್ಡೆಬೆಳೆಗಳನ್ನು ಬಿಟ್ಟಿತು. 1931ರ ಆಗಸ್ಟಿನಲ್ಲಿ ಮೊದಲನೆಯ ಸಸ್ಯ ಪೇಟೆಂಟ್ ದೊರೆತದ್ದು ‘ನ್ಯೂ ಡಾನ್’ ಎಂಬ ಹಬ್ಬುಗುಲಾಬಿಗೆ. ಅದನ್ನು ಪಡೆದವರು ನ್ಯೂಜರ್ಸಿಯ ಹೆನ್ರಿ ಬೋಸೆನ್‌ಬರ್ಗ್.

ಪೆಟ್ರಾ ಮೋಸರ್ ಮತ್ತು ಪಾಲ್ ರೋಡ್ ಎಂಬ ಅರ್ಥಶಾಸ್ತ್ರಜ್ಞರು ಇದರ ಫಲವನ್ನು ಅಳೆದು 2012ರಲ್ಲಿ ಪ್ರಕಟಿಸಿದರು. 1931ರಿಂದ 1970ರವರೆಗಿನ ಸಸ್ಯ ಪೇಟೆಂಟುಗಳಲ್ಲಿ ಸುಮಾರು ಅರ್ಧ ಗುಲಾಬಿಗೇ ಸಂದಿದ್ದವು. ಇಷ್ಟನ್ನೇ ನೋಡಿದರೆ ಕಾಯಿದೆ ಗೆದ್ದಿತೆನ್ನಬೇಕು. ಆದರೆ ಅವರು ಎರಡನೆಯ ಲೆಕ್ಕವನ್ನೂ ತೆಗೆದರು. ಪೇಟೆಂಟ್ ಇರಲಿ ಇಲ್ಲದಿರಲಿ, ಹೊಸದಾಗಿ ಹುಟ್ಟಿದ ಗುಲಾಬಿ ತಳಿಗಳ ನೋಂದಣಿ ಪಟ್ಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದರು. ಆಗ ಬೇರೆಯೇ ಚಿತ್ರ ಕಂಡಿತು. ಹೊಸ ಗುಲಾಬಿಗಳಲ್ಲಿ ಪೇಟೆಂಟ್ ಪಡೆದವು ನೂರಕ್ಕೆ 20ಕ್ಕಿಂತಲೂ ಕಡಿಮೆ. 1931ರ ಅನಂತರ ವರ್ಷವರ್ಷ ಹುಟ್ಟುವ ತಳಿಗಳ ಸಂಖ್ಯೆ ಹೆಚ್ಚಲಿಲ್ಲ. ಹೆಚ್ಚಿನ ಹೊಸ ಗುಲಾಬಿಗಳು ಮೊದಲಿನಂತೆ ಯುರೋಪಿನವರಿಂದಲೇ ಬಂದವು.

ಪ್ರಸಿದ್ಧವಾದ ‘ಪೀಸ್’ ಗುಲಾಬಿಯೂ ಫ್ರಾನ್ಸಿನ ಮೆಯ್ಯಾಂ ಮನೆತನದ್ದು. 1945ರಲ್ಲಿ ಅಮೆರಿಕೆಯಲ್ಲಿ ಅದಕ್ಕೆ ‘ಪೀಸ್’ ಎಂದು ಹೆಸರಿಟ್ಟರು. ಫ್ರಾನ್ಸಿನಲ್ಲಿ ಅದು ‘ಮದಾಂ ಆ. ಮೆಯ್ಯಾಂ’, ಜರ್ಮನಿಯಲ್ಲಿ ‘ಗ್ಲೋರಿಯಾ ದೇಯಿ’, ಇಟಲಿಯಲ್ಲಿ ‘ಜೋಯಿಯಾ’. ಹೆಸರು ನಾಲ್ಕು, ಗಿಡ ಒಂದೇ!

ಹಾಗೆಂದು ಪೇಟೆಂಟು ನಿಷ್ಪ್ರಯೋಜಕವೆಂದು ತೀರ್ಮಾನಿಸಬಾರದು. 1940ರ ದಶಕದಲ್ಲಿ ದೊಡ್ಡ ನರ್ಸರಿಗಳು ಬಹು ಪ್ರಮಾಣದಲ್ಲಿ ತಳಿ ಕೂಡಿಸತೊಡಗಿದವು; ಹೆಚ್ಚಿನ ಪೇಟೆಂಟುಗಳು ಅವುಗಳವೇ. ಆ ಉದ್ಯಮ ಬೆಳೆಯಲು ಕಾಯಿದೆ ನೆರವಾಗಿರಬಹುದು. ಆದರೆ ಪೇಟೆಂಟುಗಳನ್ನು ಎಣಿಸಿದರೆ ಹೊಸ ತಳಿಗಳನ್ನು ಎಣಿಸಿದಂತಾಗಲಿಲ್ಲ ಎಂಬುದಂತೂ ಸ್ಪಷ್ಟ.

ನಮ್ಮ ದೇಶದ ಕ್ರಮ ಬೇರೆ. ಇಲ್ಲಿ ಗಿಡ, ಬೀಜ, ತಳಿಗಳಿಗೆ ಪೇಟೆಂಟ್ ಕೊಡುವುದಿಲ್ಲ. ಅವುಗಳಿಗಾಗಿ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಇದೆ. ಕಾಸರಗೋಡಾಗಲಿ, ತಾಳವಾಡಿಯಾಗಲಿ, ಜತ್ತವಾಗಲಿ, ಮಡಕಶಿರವಾಗಲಿ, ಎಲ್ಲ ಕಡೆಯೂ ಅದೊಂದೇ ಕಾಯಿದೆ. ಆದ್ದರಿಂದ ಗಡಿಯಾಚೆಯ ನಾವು ಈ ಮೂರು ಅಂಶಗಳನ್ನು ನೆನಪಿಡಬೇಕು:

1. ಸಂರಕ್ಷಿತ ತಳಿಯನ್ನು ಬೆಳೆದ ರೈತನು ತನ್ನ ಬೆಳೆಯ ಬೀಜವನ್ನು ಕಾದಿಡಬಹುದು, ಮರಳಿ ಬಿತ್ತಬಹುದು, ನೆರೆಯವರೊಡನೆ ಅದಲುಬದಲು ಮಾಡಬಹುದು, ಮಾರಲೂಬಹುದು.

2. ಆದರೆ ಆ ಬೀಜವನ್ನು ಚೀಲಕ್ಕೆ ತುಂಬಿ, ಸಂರಕ್ಷಿತ ತಳಿಯೆಂದು ಹೆಸರು ಹಚ್ಚಿ ಮಾರುವಂತಿಲ್ಲ.

3. ನೋಂದಾಯಿತ ತಳಿಯನ್ನು ಮಾರುವ ತಳಿಗಾರನು ಇಂಥ ಸ್ಥಿತಿಯಲ್ಲಿ ಇಷ್ಟು ಫಲ ಬಂದೀತೆಂದು ತಿಳಿಸಬೇಕು. ಹಾಗೆ ಬಾರದಿದ್ದರೆ ರೈತನು ಪರಿಹಾರ ಕೇಳಬಹುದು. ಆದಕಾರಣ ರಸೀದಿ, ಚೀಲ, ಚೀಟಿ ಮೂರನ್ನೂ ಸುಗ್ಗಿಯವರೆಗೆ ಜೋಪಾನವಾಗಿಡಿರಿ.

ಹೊಸೂರಿನ ಕಡೆ ಗುಲಾಬಿ ಬೆಳೆಯುವವರು ಸಸಿ ಕೊಳ್ಳುವಾಗ ತಳಿ ಸಂರಕ್ಷಿತವೇ, ಗಿಡ ಹೆಚ್ಚಿಸಲು ಕರಾರಿದೆಯೇ ಎಂದು ಕೇಳಿ ಬರೆಯಿಸಿಕೊಳ್ಳುವುದು ಲೇಸು.

ಕೊನೆಗೆ, ಆ ಸಂಶೋಧಕರ ಎರಡನೆಯ ಲೆಕ್ಕವನ್ನು ನಾವೂ ಇಡಬಹುದು. 100 ಬೀಜಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವೆಂದು ಎಣಿಸಿರಿ. ಒಂದೇ ಹೊಲದಲ್ಲಿ ಒಂದೇ ಗೊಬ್ಬರ ಕೊಟ್ಟು ಹೆಸರಾಂತ ಚೀಲದ ಬೀಜವನ್ನು ನಾಲ್ಕು ಸಾಲು, ಮನೆಯ ಬೀಜವನ್ನು ನಾಲ್ಕು ಸಾಲು ಬಿತ್ತಿರಿ. ಎರಡರ ಖರ್ಚನ್ನೂ ಇಳುವರಿಯನ್ನೂ ಬರೆದಿಡಿರಿ. ಮುಂದಿನ ವರ್ಷ ಯಾವುದಕ್ಕೆ ಹಣ ಹಾಕಬೇಕೆಂಬುದನ್ನು ಆ ಲೆಕ್ಕವೇ ಹೇಳುತ್ತದೆ.